ಅಜ್ಜಿ ಅಳಿಸಿದ ‘ರೀ’

ಮೇಲಿನ ಕೆಲಸದ ಕೋಣೆ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಕಾಲಿನ ಊತ ಇಳಿಯಿತಾ? ಊಟ ಅರ್ಧಕ್ಕೇ ಬಿಟ್ಟು ಏಳುತ್ತೀಯಂತೆ, ಸಿಸ್ಟರ್ ಹೇಳಿದರು. ಹಾಗೆ ಮಾಡಬೇಡಮ್ಮಾ, ಈಗಲೇ ಎಲುಬಿನ ಹಂದರವಾಗಿದ್ದೀಯ. ಹೋದ ಶನಿವಾರ ಆಸ್ಪತ್ರೆಯಲ್ಲಿ ನಿನ್ನನ್ನು ಕಂಡಾಗ ಮೊದಲು ಅನಿಸಿದ್ದೇ ಅದು: ಅಯ್ಯೋ, ಇಷ್ಟು ಸಣ್ಣ ಹೆಂಗಸಾ, ಇವಳಿಗಾ ನಾನು ಇಷ್ಟು ವರ್ಷ ಹೆದರಿದ್ದು! ಹೌದು, ಹೆದರಿದ್ದೆ. ಚಿಕ್ಕವಳಿದ್ದಾಗ ನೀನು ಮಂಚದ ಕೆಳಗೆ ಇದ್ದೀಯ ಅಂದುಕೊಂಡು ಕಾಲು ಮಡಚಿಕೊಂಡೇ ಮಲಗುತ್ತಿದ್ದೆ. ಹೆತ್ತ ತಾಯಿಗೆ ಇಂಥ ಮಾತು ಬರೆಯುತ್ತಾರಾ ಅಂತ ಬೇಜಾರು ಮಾಡಿಕೊಳ್ಳಬೇಡ. ಈ ಕಾಗದದಲ್ಲಿ ಸಕ್ಕರೆ ಸವರಿದ ಮಾತು ಒಂದೂ ಇರುವುದಿಲ್ಲ. ಅಂಥ ಮಾತು ನಮ್ಮ ಮನೆಯಲ್ಲಿ ಬೇಕಾದಷ್ಟು ಆಗಿಹೋಗಿವೆ.

ನಿನ್ನ ಕನ್ನಡಕ ಒಡೆದಿದೆಯಂತೆ, ಹಾಗಾಗಿ ಸಿಸ್ಟರ್ ಇದನ್ನು ಓದಿ ಹೇಳುತ್ತಾರೆ. ಅವರಿಗೂ ತಿಳಿಯಲಿ ಅಂತ ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ, ‘ಗೊತ್ತು ಮುಂದೆ ಹೇಳು’ ಅಂತ ಸಿಡಿಮಿಡಿಗೊಳ್ಳಬೇಡ. ನಿನಗೂ ನನ್ನ ಹಾಗೆ ಮೂಗಿನ ತುದಿಯಲ್ಲೇ ಕೋಪ ಇತ್ತಂತೆ. ನಾನು ಹಟ ಮಾಡಿದಾಗಲೆಲ್ಲ ಅಜ್ಜಿ ‘ಥೇಟ್ ಅವಳಮ್ಮ’ ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಅವರ ಹತ್ತಿರ ಇರಲಿಲ್ಲ. ಹೋದ ವರ್ಷ ತೀರಿಕೊಂಡರು, ಅದು ನಿನಗೆ ತಿಳಿಸಿದ್ದಾರೋ ಇಲ್ಲವೋ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಲು ಅವರು ಅವಕಾಶ ಕೊಡಲಿಲ್ಲ, ಈಗಲಾದರೂ ಆಡುತ್ತೇನೆ.

ಇನ್ನೊಂದು ಮಾತು. ಮೊನ್ನೆಮೊನ್ನೆಯವರೆಗೆ ‘ಅಪ್ಪ ಬಂದರು, ಅಪ್ಪ ಹೋದರು’ ಅನ್ನುತ್ತಿದ್ದವಳು ನಾನು. ಇನ್ನು ಮೇಲೆ ಬಂದ, ಹೋದ ಅಂತಲೇ ಬರೆಯುತ್ತೇನೆ. ಬಾಯಲ್ಲಿ ಇನ್ನೂ ‘ಬನ್ನಿ ಅಪ್ಪಾ’ ಅನ್ನಲೇಬೇಕು, ಅವನ ಛಾವಣಿಯ ಕೆಳಗಿದ್ದೇನಲ್ಲ. ಪೆನ್ನಿಗೆ ಆ ಹಂಗಿಲ್ಲ.

ಸಿಸ್ಟರ್, ನಮ್ಮದು ಸೋಫಾ ರಿಪೇರಿಯ ಅಂಗಡಿ. ಕೆಳಗೆ ಅಂಗಡಿ, ನಡುವೆ ಮನೆ, ಎಲ್ಲಕ್ಕಿಂತ ಮೇಲೆ ಕೆಲಸದ ಕೋಣೆ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಒಂದು ಕುರ್ಚಿ ಹೊತ್ತುಕೊಂಡು ಹತ್ತಿದರೂ ಮೊಣಕೈ ತರಚುತ್ತದೆ. ಹಾಗಾಗಿ ಸೋಫಾಗಳನ್ನೆಲ್ಲ ಹೊರಗಿನಿಂದ ಹಗ್ಗ ಕಟ್ಟಿ ರಾಟೆಯಲ್ಲಿ ಮೇಲಕ್ಕೆ ಎಳೆಯುತ್ತಾರೆ. ಅದಕ್ಕೆಂದೇ ಈ ಕೋಣೆಯ ಗೋಡೆಯಲ್ಲಿ ಒಂದು ಬಾಗಿಲು ಇದೆ. ತೆರೆದರೆ ಮುಂದೆ ಮೆಟ್ಟಿಲೂ ಇಲ್ಲ, ಮೊಗಸಾಲೆಯೂ ಇಲ್ಲ, ಬರೀ ಗಾಳಿ. ಕೆಳಗೆ ಕಲ್ಲು ಹಾಸಿದ ಅಂಗಳ. ನಾನು ಹುಟ್ಟಿದಾಗಿನಿಂದ ದಿನಾ ಕೇಳಿದ ಕೂಗು ಅಂದರೆ ಆ ಬಾಗಿಲಿನದು. ಸೋಫಾ ಅರ್ಧ ದಾರಿಗೆ ಬಂದಾಗ ಮೇಲಿದ್ದವನು ಹಗ್ಗ ಹಿಡಿದವನಿಗೆ ‘ಬಿಡ್ಬೇಡ, ಬಿಡ್ಬೇಡ’ ಅಂತ ಕೂಗುತ್ತಾನೆ. ಸೋಫಾ ನೆಲ ಮುಟ್ಟಿದ ಮೇಲೆ ‘ಹಾಂ, ಬಿಡು’. ನಾನೂ ಅಕ್ಕನೂ ಬೊಂಬೆಗೆ ನೂಲು ಕಟ್ಟಿ ಅದೇ ಆಟ ಆಡುತ್ತಿದ್ದೆವು.

ಅಕ್ಕ ಬಿದ್ದು ಸತ್ತದ್ದು ಆ ಬಾಗಿಲಿನಿಂದ. ಅವಳಿಗೆ ಒಂಬತ್ತು ವರ್ಷ, ನನಗೆ ಐದು. ಸಿಸ್ಟರ್ ಹತ್ತಿರ ಇರುವ ನಿನ್ನ ಕೇಸಿನ ಫೈಲಿನಲ್ಲಿ ಬರೆದಿರುವುದು ಇಷ್ಟೇ: ತಾಯಿಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ, ಯಾರೂ ಇಲ್ಲದ ಕೋಣೆಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದಳು, ‘ಬಿಡ್ಬೇಡ ಅವಳನ್ನ’ ಅಂತ ಕಿರುಚುತ್ತಾ ಹೆತ್ತ ಮಗಳನ್ನೇ ನೂಕಿದಳು. ತಂದೆ ಕೆಳಗೆ ಅಂಗಡಿಯಲ್ಲಿ ಇದ್ದರು. ಸಾಕ್ಷಿ ಕಿರಿಯ ಮಗಳು. ಅಂದರೆ ನಾನು. ನಿನ್ನನ್ನು ಈ ಹುಚ್ಚರ ಆಸ್ಪತ್ರೆಗೆ ಸೇರಿಸಿದ್ದು ಅದರ ಮೇಲೆಯೇ.

ನಾನು ಕಂಡದ್ದನ್ನು ಹೇಳುತ್ತೇನೆ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಚಿಂದಿ ರಾಶಿಯಲ್ಲಿ ಕೂತಿದ್ದೆ. ನನಗೆ ಕಾಣುತ್ತಿದ್ದದ್ದು ನಿನ್ನ ಪಾದ ಮಾತ್ರ, ಬರಿಗಾಲು, ಓಡಿ ಬಂದ ಕಾಲು. ಇನ್ನೊಂದು ಜೊತೆ ಕಾಲು ಕಂಡಿತು ಅಂತ ಬರೆಯಲು ಕೈ ತುರಿಸುತ್ತದಮ್ಮಾ. ಬರೆಯಲಾರೆ. ಕಾಣಲಿಲ್ಲ, ಮೇಜಿನ ಕಾಲು ಅಡ್ಡ ಇತ್ತು. ನನ್ನ ಬಾಯಲ್ಲಿ ಒಮ್ಮೆ ಬೇರೆಯವರ ಮಾತು ತುರುಕಿದ್ದು ಸಾಕು, ಈಗ ನಾನೇ ತುರುಕಿಕೊಳ್ಳುವುದಿಲ್ಲ. ಅಕ್ಕ ಏನು ತಪ್ಪು ಮಾಡಿದ್ದಳು ಅನ್ನುವುದೂ ನೆನಪಿಲ್ಲ. ಅಂಟು ಚೆಲ್ಲಿದ್ದಳೋ, ಎದುರು ಮಾತಾಡಿದ್ದಳೋ. ಕಿವಿಗೆ ಬಿದ್ದದ್ದು ಮಾತ್ರ ಇದೆ: ನಿನ್ನ ಕೂಗು, ಆಮೇಲೆ ಅಂಗಳದ ಸದ್ದು, ಆಮೇಲೆ ಏನೂ ಇಲ್ಲ.

ಆ ಕೂಗು ನನ್ನ ನೆನಪಿನಲ್ಲಿ ಹೇಗಿತ್ತು ಗೊತ್ತಾ? ಹಲ್ಲು ಕಚ್ಚಿಕೊಂಡು, ದನಿ ತಗ್ಗಿಸಿ, ವಿಷ ಕಾರುವ ಹಾಗೆ ‘ಬಿಡ್ಬೇಡ ಅವಳನ್ನ’. ನಾಯಿ ಛೂ ಬಿಡುತ್ತಾರಲ್ಲ, ಹಾಗೆ. ವರ್ಷಗಟ್ಟಲೆ ಅದನ್ನೇ ಕನಸಿನಲ್ಲಿ ಕೇಳಿ ಬೆವರಿ ಎದ್ದಿದ್ದೇನೆ. ಅದು ನಿನ್ನ ದನಿ ಅಂದುಕೊಂಡೇ ದೊಡ್ಡವಳಾದೆ.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ಅವನು ಮತ್ತೆ ಮದುವೆಯಾದದ್ದು ನಿನಗೆ ಗೊತ್ತು, ಅದಕ್ಕೆ ಬೇಕಾದ ಸಹಿಯನ್ನು ನಿನ್ನ ಕೈಲೇ ಹಾಕಿಸಿಕೊಂಡ ಪುಣ್ಯಾತ್ಮ. ಚಿಕ್ಕಮ್ಮ ಕೆಟ್ಟವಳಲ್ಲ. ಬಂದ ಹೊಸದರಲ್ಲಿ ನಾನು ಅವಳ ಚಪ್ಪಲಿಗೆ ಮೊಳೆ ಹಾಕಿ ಇಟ್ಟಿದ್ದೆ, ಅವಳು ಯಾರಿಗೂ ಹೇಳದೆ ಮೊಳೆ ಕಿತ್ತು ನನ್ನ ಡಬ್ಬಿಗೇ ವಾಪಸು ಹಾಕಿದಳು. ಆಮೇಲೆ ಇವಳ ಜೊತೆ ಜಗಳ ಆಡುವುದಕ್ಕೂ ಮಜಾ ಇಲ್ಲ ಅನಿಸಿತು. ಅವಳಿಗೊಬ್ಬಳು ಮಗಳು, ಪುಟ್ಟಿ. ಐದು ವರ್ಷ. ಬಾಯಿ ಅಂದರೆ ಪಟಾಕಿ. ನನ್ನನ್ನು ‘ಅಕ್ಕಾ’ ಅಂತಾಳೆ. ಮೊದಲ ಸಲ ಹಾಗೆ ಕರೆದಾಗ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹೋದ ತಿಂಗಳ ಕೊನೆಯಲ್ಲಿ ಪುಟ್ಟಿ ಕತ್ತರಿ ಸಿಕ್ಕಿತು ಅಂತ ಗಿರಾಕಿಯೊಬ್ಬರ ಮಖಮಲ್ ಬಟ್ಟೆಯ ನಟ್ಟನಡುವೆ ಬೊಂಬೆಗೆ ಲಂಗ ಕತ್ತರಿಸಿದಳು. ಆ ಗಿರಾಕಿ ಕೆಳಗೆ ಅಂಗಡಿಯಲ್ಲೇ ಕೂತಿದ್ದರು, ಅವರ ಮುಂದೆ ಅವನು ‘ಪರವಾಗಿಲ್ಲ ಬಿಡಿ, ಮಕ್ಕಳು’ ಅಂತ ನಕ್ಕ. ಊರಿಗೆ ಉಪಕಾರಿ, ಮನೆಗೆ ಮಾರಿ. ಅವರು ಹೋಗುವವರೆಗೂ ಆ ನಗು ಹಾಗೇ ಇತ್ತು. ಆಮೇಲೆ ಮೇಲೆ ಹತ್ತಿ ಬಂದ. ನಾನು ಮನೆಯಿಂದ ಸ್ಪಂಜಿನ ಕಟ್ಟು ಎತ್ತಿಕೊಂಡು ಅವನ ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದೆ. ನಾನು ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಅವನು ಪುಟ್ಟಿಯ ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿ, ರಾಟೆಯ ಬಾಗಿಲು ಒದ್ದು ತೆಗೆದು, ಅವಳನ್ನು ಹೊರಗೆ ಚಾಚಿ ಹಿಡಿದಿದ್ದ. ‘ಬಿಡ್ಲಾ? ಹೇಳು, ಬಿಡ್ಲಾ?’ ಅಂತ ಕೇಳುತ್ತಿದ್ದ. ದನಿ ಏರಿಸಿ ಕೂಡ ಅಲ್ಲ, ಮಕ್ಕಳಿಗೆ ಲೆಕ್ಕ ಕೇಳುವ ಮೇಷ್ಟ್ರ ಹಾಗೆ. ಪುಟ್ಟಿಗೆ ಅಳಲೂ ಉಸಿರಿರಲಿಲ್ಲ, ಒಂದು ಕಾಲಿನ ಚಪ್ಪಲಿ ಜಾರಿ ಅಂಗಳಕ್ಕೆ ಬಿತ್ತು. ಆಗ ಕೋಣೆಯ ಆಚೆ ಮೂಲೆಯಿಂದ ಚಿಕ್ಕಮ್ಮ ಬರಿಗಾಲಲ್ಲಿ ಓಡಿ ಬಂದು ಕೂಗಿದಳು: ‘ಬಿಡ್ಬೇಡ್ರೀ ಅವಳನ್ನ!’

ಅಮ್ಮಾ, ನನ್ನ ಕೈಲಿದ್ದ ಕಟ್ಟು ಬಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನು ಪುಟ್ಟಿಯನ್ನು ಒಳಗೆ ಎಳೆದುಕೊಂಡು, ‘ತಮಾಷೆಗೆ ಕಣೇ, ನಾನೇನು ಬಿಟ್ಟುಬಿಡ್ತೀನಾ’ ಅಂತ ನಗುತ್ತಾ ನನ್ನನ್ನು ದಾಟಿಕೊಂಡು ಕೆಳಗೆ ಹೋದ. ನನಗೆ ಅದ್ಯಾವುದೂ ಕೇಳಿಸುತ್ತಿರಲಿಲ್ಲ. ನಿನ್ನ ದನಿ ಕೇಳಿಸುತ್ತಿತ್ತು. ಹಲ್ಲು ಕಚ್ಚಿದ ದನಿ ಅಲ್ಲ. ಗಂಟಲು ಹರಿದುಹೋಗುವ ಹಾಗೆ, ಬೇಡಿಕೊಳ್ಳುವ ದನಿ. ‘ಬಿಡ್ಬೇಡ್ರೀ, ಬಿಡ್ಬೇಡ್ರೀ ಅವಳನ್ನ!’ ಇತ್ತು ಕಣಮ್ಮಾ, ಒಂದು ‘ರೀ’ ಇತ್ತು! ನೀನು ‘ರೀ’ ಅಂದಿದ್ದೆ!

ಅಜ್ಜಿಗೆ ನೀನು ‘ಅತ್ತೆ’ ಅನ್ನುತ್ತಿದ್ದೆ. ಕೆಲಸದವರನ್ನು ಅಣ್ಣ ಅನ್ನುತ್ತಿದ್ದೆ. ನಮಗೆ ಬರೀ ನೀನು, ಬಾ, ಹೋಗು. ಈ ಮನೆಯಲ್ಲಿ ನಿನ್ನ ಬಾಯಲ್ಲಿ ‘ರೀ’ ಅನ್ನಿಸಿಕೊಳ್ಳುತ್ತಿದ್ದವನು ಒಬ್ಬನೇ. ಕೆಳಗೆ ಅಂಗಡಿಯಲ್ಲಿದ್ದನಂತೆ! ಹೋಗಲಿ, ‘ರೀ’ಯನ್ನೂ ಬಿಡೋಣ. ಕೈಯಲ್ಲಿ ಏನೂ ಹಿಡಿಯದವರಿಗೆ ಯಾರಾದರೂ ಬಿಡಬೇಡ ಅಂತಾರಾ? ರಾಟೆಯ ಮನೆಯಲ್ಲಿ ಹುಟ್ಟಿ, ದಿನಕ್ಕೆ ಹತ್ತು ಸಲ ಆ ಮಾತು ಕೇಳಿ, ಅದರ ಅರ್ಥ ಹಗ್ಗ ಹಿಡಿದವನಿಗೆ ಹೇಳುವ ಮಾತು ಅಂತ ನನಗೆ ಹೊಳೆಯಲಿಲ್ಲವಲ್ಲ. ಹೊರಗಿನಿಂದ ಬಂದ ಪೊಲೀಸರಿಗೆ ಅದು ‘ಸುಮ್ಮನೆ ಬಿಡಬೇಡ, ಮುಗಿಸು’ ಅಂತ ಕೇಳಿಸಿತು. ಅವರನ್ನು ಏನನ್ನಲಿ, ಒಂದೇ ಮಾತಿಗೆ ಎರಡೂ ಅರ್ಥ ಇದೆ. ಆದರೆ ಮನೆಯವರಿಗೆ ಗೊತ್ತಿತ್ತು.

ಗೊತ್ತಿತ್ತು ಅನ್ನುವುದಕ್ಕೂ ನೆನಪಿದೆ. ‘ರೀ’ ಬಂದ ಮೇಲೆ ಅದರ ಹಿಂದೆಯೇ ಇದೂ ಬಂತು. ಪೊಲೀಸರು ಬರುವ ಮೊದಲು ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದರು, ‘ಅಮ್ಮ ಏನಂದ್ಲು ಪುಟ್ಟಾ?’ ನಾನು ‘ಬಿಡ್ಬೇಡ್ರೀ ಅವಳನ್ನ ಅಂದ್ಲು’ ಅಂದೆ. ಅಜ್ಜಿ ತಲೆ ನೇವರಿಸಿ, ‘ರೀ ಅನ್ನಬಾರದು ಚಿನ್ನಾ, ಅದು ದೊಡ್ಡವರ ಮಾತು, ಮಕ್ಕಳು ಅಂದರೆ ನಗ್ತಾರೆ. ಎಲ್ಲಿ, ಇನ್ನೊಂದು ಸಲ ಹೇಳು’ ಅಂದರು. ಮತ್ತೆ ಹೇಳಿದೆ. ಮತ್ತೆ ತಿದ್ದಿದರು. ಆಮೇಲೆ ತಾವೇ ಹೇಳಿಕೊಟ್ಟರು, ನಿಧಾನವಾಗಿ, ಹಲ್ಲು ಕಚ್ಚಿ: ‘ಬಿಡ್ಬೇಡ ಅವಳನ್ನ.’ ಗಿಣಿಪಾಠ. ಸರಿಯಾಗಿ ಒಪ್ಪಿಸಿದ್ದಕ್ಕೆ ಬಾಯಿಗೆ ಬೆಲ್ಲ ಹಾಕಿದರು. ನಾನು ಅದನ್ನು ಮರ್ಯಾದೆಯ ಪಾಠ ಅಂದುಕೊಂಡೆ. ಪೊಲೀಸರ ಮುಂದೆ ತಪ್ಪಿಲ್ಲದೆ ಹೇಳಿದೆ, ಅವರೂ ಜಾಣೆ ಅಂದರು. ಇಷ್ಟು ವರ್ಷ ನನ್ನ ಕನಸಿನಲ್ಲಿ ಕೂಗುತ್ತಿದ್ದದ್ದು ನೀನಲ್ಲ, ಅಜ್ಜಿ. ಮಗನನ್ನು ಉಳಿಸಿಕೊಳ್ಳಲು ಒಂದು ಅಕ್ಷರ ತೆಗೆದರು, ಸೊಸೆಯ ಇಡೀ ಬಾಳು ಹೋಯಿತು. ಥೂ, ಬರೆಯುತ್ತಿದ್ದರೆ ಬಾಯೆಲ್ಲ ಕಹಿಯಾಗುತ್ತದೆ.

ಮಾರನೆಯ ದಿನ ಚಿಕ್ಕಮ್ಮ ಬಟ್ಟೆ ಒಗೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಇದೆಲ್ಲ ಹೇಳಿದೆ. ಅವಳು ಹಿಂಡಿದ ಸೀರೆಯನ್ನೇ ಮತ್ತೆ ಮತ್ತೆ ಹಿಂಡುತ್ತಾ ಕೇಳಿದಳು. ‘ಇದು ಮೊದಲನೇ ಸಲ ಅಲ್ಲ ಕಣೇ’ ಅಂದಳು. ‘ನಿಮ್ಮಮ್ಮನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಾಗೋದು ಬೇಡ ಅಂತ ನಾನೇ ಯಾವತ್ತೂ ಕೇಳಲಿಲ್ಲ.’ ಆಮೇಲೆ ನನ್ನ ಕೈ ಹಿಡಿದುಕೊಂಡು, ‘ಹೋಗಿ ನಿಮ್ಮಮ್ಮನ್ನ ನೋಡಿಕೊಂಡು ಬಾ. ಅವರಿಗೆ ನೂಲು ತರೋಕೆ ಹೋದಳು ಅಂತ ನಾನು ಹೇಳ್ತೀನಿ’ ಅಂದಳು. ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳಿದ್ದಾಳೆ. ವಾಪಸು ಬಂದಾಗ ಅವನು ‘ಯಾವ ಬಣ್ಣ ಸಿಕ್ತು’ ಅಂತ ನನ್ನನ್ನೇ ಕೇಳಿದ, ಅವಳು ಮೊದಲೇ ತಂದಿಟ್ಟ ಕಂದು ನೂಲಿನ ಉಂಡೆಯನ್ನು ನನ್ನ ಚೀಲದಿಂದ ತೆಗೆದು ಕೊಟ್ಟಳು.

ಹಾಗೆ ಬಂದೆ ನಾನು ಶನಿವಾರ. ನೀನು ನನ್ನನ್ನು ನೋಡಲಿಲ್ಲ. ನನ್ನ ಹೆಗಲಾಚೆಗಿನ ಬಾಗಿಲನ್ನೇ ನೋಡುತ್ತಿದ್ದೆ, ಹಿಂದೆ ಇನ್ಯಾರೋ ಬರುತ್ತಾರೆ ಅನ್ನುವ ಹಾಗೆ. ಎಷ್ಟು ಕರೆದರೂ ಒಂದು ಮಾತಿಲ್ಲ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಇಷ್ಟು ದೂರ ಸುಳ್ಳು ಹೇಳಿ ಬಂದಿದ್ದೇನೆ, ಒಂದು ‘ಬಂದ್ಯಾ’ ಅನ್ನಲು ಏನು ಧಾಡಿ ಅಂತ. ದಢದಢ ಹೊರಗೆ ಬಂದವಳನ್ನು ಸಿಸ್ಟರ್ ವರಾಂಡದಲ್ಲಿ ಕೂರಿಸಿ ನೀರು ಕೊಟ್ಟರು. ನೀನು ಯಾರ ಜೊತೆಗೂ ಮಾತಾಡುವುದಿಲ್ಲವಂತೆ. ಅವನು ಬಂದುಹೋದಾಗ ಮಾತ್ರ, ಅವನ ಬೆನ್ನು ಕಾಣದಾದ ಮೇಲೆ, ಸಿಸ್ಟರ್ ಸೆರಗು ಹಿಡಿದು ಒಂದೇ ಪ್ರಶ್ನೆ ಕೇಳುತ್ತೀಯಂತೆ: ‘ಸಣ್ಣವಳು ಇನ್ನೂ ಅವರ ಹತ್ತಿರವೇ ಇದ್ದಾಳಾ?’ ಪಾಪ, ಮಗಳ ಮೇಲಿನ ಆಸೆ ಅಂತ ತಿಳಿದು ಸಿಸ್ಟರ್ ಪ್ರತಿ ಸಲವೂ ಸಮಾಧಾನ ಹೇಳಿದ್ದಾರೆ. ‘ಹೂಂ ಕಣಮ್ಮಾ, ಅಪ್ಪನ ಹತ್ತಿರ ಚೆನ್ನಾಗಿದ್ದಾಳೆ.’ ಅಷ್ಟು ಕೇಳಿದ್ದೇ ನೀನು ಮತ್ತೆ ಬಾಯಿ ಮುಚ್ಚಿ ಗೋಡೆಗೆ ತಿರುಗುತ್ತೀಯಂತೆ.

ಸಿಸ್ಟರ್, ಇದನ್ನು ಓದುವಾಗ ನೀವು ಅಳಬೇಡಿ. ನಿಮಗೆ ಹೇಗೆ ಗೊತ್ತಾಗಬೇಕು? ಅಮ್ಮಾ, ನನಗೆ ಮಾತ್ರ ಆ ವರಾಂಡದಲ್ಲೇ ಇನ್ನೊಂದು ನೆನಪು ಬಂತು. ನಿನ್ನನ್ನು ಕರೆದುಕೊಂಡು ಹೋದ ದಿನ ಅವನು ನನ್ನನ್ನು ಎತ್ತಿಕೊಂಡು ನಿಂತಿದ್ದ. ನೀನು ಪೊಲೀಸಿನವರ ಮುಂದೆ ಏನೋ ಹೇಳಲು ಶುರು ಮಾಡಿ, ತಿರುಗಿ ನನ್ನನ್ನು ನೋಡಿದೆ. ಅವನು ನನ್ನನ್ನು ಒಂದು ಸಲ ಮೇಲಕ್ಕೆ ಕುಲುಕಿ ಹಿಡಿದುಕೊಂಡ, ಮಗು ಜಾರಿದಾಗ ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ನಿನ್ನ ಮಾತು ಅಲ್ಲಿಗೆ ನಿಂತಿತು. ‘ತಪ್ಪು ಮಾಡಿದವಳಿಗೆ ಬಾಯಿ ಎಲ್ಲಿಂದ ಬರಬೇಕು’ ಅಂದರು ಅಜ್ಜಿ. ನನಗೋಸ್ಕರ ನಿಂತಿತಾ ಅಮ್ಮಾ ಆ ಮಾತು? ಮಂಚದ ಕೆಳಗೆ ನೀನಿದ್ದೀಯ ಅಂತ ನಾನು ಹೆದರಿ ಮಲಗುತ್ತಿದ್ದಾಗ ನೀನು ಅಲ್ಲಿ ಗೋಡೆಗೆ ಮುಖ ಮಾಡಿ ನನ್ನನ್ನು ಕಾಯುತ್ತಿದ್ದೆಯಾ?

ಈಗ ಕೆಲಸದ ಮಾತು. ಶುಕ್ರವಾರ ನಿನ್ನ ಆಸ್ಪತ್ರೆಗೆ ಸರ್ಕಾರದಿಂದ ಒಬ್ಬರು ಮೇಡಂ ಬರುತ್ತಾರೆ, ಬಹಳ ವರ್ಷದಿಂದ ಇರುವವರನ್ನು ಒಬ್ಬೊಬ್ಬರಾಗಿ ವಿಚಾರಿಸಲು. ನೀನು ಸುಮ್ಮನಿದ್ದರೆ ‘ಮೊದಲಿನ ಹಾಗೇ ಇದ್ದಾಳೆ’ ಅಂದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ. ನೀನು ಆ ದಿನ ನಡೆದದ್ದನ್ನು ಹೇಳಿದರೆ ಅವರು ಕೇಳಲೇಬೇಕಂತೆ, ಸಿಸ್ಟರೇ ಹೇಳಿದರು. ನಿನ್ನ ಬಿಡುಗಡೆ ಒಂದೇ ಅಲ್ಲ, ಪುಟ್ಟಿಯ ಜೀವವೂ ಅದರಲ್ಲಿದೆ. ಈ ಸಲ ಅವನು ತಮಾಷೆಗೆ ಹಿಡಿದ. ಅಕ್ಕನನ್ನೂ ತಮಾಷೆಗೇ ಹಿಡಿದಿದ್ದನೋ ಏನೋ, ದೇವರೇ ಬಲ್ಲ. ಕೈ ಜಾರಲು ಎಷ್ಟು ಹೊತ್ತು ಬೇಕು?

ನಾನು ಈ ಮನೆಯಲ್ಲಿ ಇರುವವರೆಗೆ ನೀನು ಬಾಯಿ ತೆರೆಯುವುದಿಲ್ಲ ಅಂತ ನನಗೆ ಗೊತ್ತು. ನಿನ್ನ ಮಗಳಲ್ಲವಾ, ಹಟ ಎಂಥದ್ದು ಅಂತ ತಿಳಿಯದಾ? ಅದಕ್ಕೇ ನಾನೂ ಚಿಕ್ಕಮ್ಮನೂ ನಿಶ್ಚಯ ಮಾಡಿದ್ದೇವೆ. ನಾಳೆ ಬೆಳಿಗ್ಗೆ ಅವನು ಬಟ್ಟೆ ತರಲು ಪೇಟೆಗೆ ಹೊರಟ ಕೂಡಲೇ ಮೂವರೂ ಹಿಂದಿನ ಮೆಟ್ಟಿಲು ಇಳಿದು ನನ್ನ ಹೊಲಿಗೆ ಟೀಚರ್ ಮನೆಗೆ ಹೋಗುತ್ತೇವೆ. ಸಾಮಾನು ಏನೂ ಇಲ್ಲ, ಪುಟ್ಟಿಗೆ ಎರಡು ಜೊತೆ ಬಟ್ಟೆ ಅಷ್ಟೇ. ಅವಳಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಬೀದಿಗೆಲ್ಲ ಡಂಗುರ ಸಾರುತ್ತಾಳೆ. ಅಲ್ಲಿಗೆ ತಲುಪಿ ಕಾಗದವನ್ನು ಅಂಚೆಗೆ ಹಾಕುತ್ತೇನೆ. ಇದು ನಿನ್ನ ಕೈಗೆ ಬಂತು ಅಂದರೆ ನಾವು ಹೊರಗಿದ್ದೇವೆ ಅಂತ ತಿಳಿ.

ಕೆಳಗೆ ಅವನ ಕೆಮ್ಮು ಕೇಳಿಸುತ್ತಿದೆ, ನಿಲ್ಲಿಸುತ್ತೇನೆ. ಹೊಟ್ಟೆ ತುಂಬ ಊಟ ಮಾಡು. ಅಕ್ಕನನ್ನು ನೆನೆದು ಒಬ್ಬಳೇ ಅಳಬೇಡ, ನಾನು ಬಂದ ಮೇಲೆ ಇಬ್ಬರೂ ಸೇರಿ ಅಳೋಣ. ಸಿಸ್ಟರ್‌ಗೆ ನನ್ನ ನಮಸ್ಕಾರ. ನೀನು ಆಶೀರ್ವಾದ ಮಾಡುವುದಾದರೆ ಮೊದಲು ಪುಟ್ಟಿಗೆ ಮಾಡು, ಉಳಿದರೆ ನನಗಿರಲಿ.

ನಿನ್ನ,
ಸಣ್ಣವಳು

ತಾ.ಕ.: ಬುಧವಾರ ಬೆಳಿಗ್ಗೆ, ಟೀಚರ್ ಮನೆ. ಅಮ್ಮಾ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನೂ ಪುಟ್ಟಿಯೂ ಬಂದೆವು. ಚಿಕ್ಕಮ್ಮ ಬರಲಿಲ್ಲ. ಅವನು ಪರ್ಸು ಮರೆತು ಅರ್ಧ ದಾರಿಯಿಂದ ವಾಪಸು ಬಂದ, ನಾವು ಇನ್ನೂ ಮೆಟ್ಟಿಲಲ್ಲಿದ್ದೆವು. ಅಂಗಡಿ ಬಾಗಿಲಲ್ಲಿ ಅವನ ದನಿ ಕೇಳಿದ್ದೇ ಚಿಕ್ಕಮ್ಮ ಪುಟ್ಟಿಯ ಕೈಯನ್ನು ನನ್ನ ಕೈಗೆ ಕೊಟ್ಟು, ‘ನೀವು ನಡೀರಿ, ನಾನು ಅವರನ್ನ ಮಾತಿಗೆ ಹಿಡೀತೀನಿ’ ಅಂತ ಮೇಲಕ್ಕೆ ಹತ್ತಿಬಿಟ್ಟಳು. ನಾವು ಇಲ್ಲ ಅಂತ ಇಷ್ಟು ಹೊತ್ತಿಗೆ ಅವನಿಗೆ ಗೊತ್ತಾಗಿರುತ್ತದೆ. ಟೀಚರ್ ಪೊಲೀಸರಿಗೆ ಫೋನ್ ಮಾಡಿದರು. ‘ಗಂಡ ಹೆಂಡತಿ ಜಗಳಾನಾ? ಮಗು ಬೀಳಲಿಲ್ಲ ತಾನೇ?’ ಅಂತ ಕೇಳಿ ಇಟ್ಟರಂತೆ. ನಮ್ಮ ಮಾತಿಗೆ ತೂಕ ಇಲ್ಲಮ್ಮಾ, ಕಣ್ಣಾರೆ ಕಂಡವಳು ನೀನೊಬ್ಬಳೇ. ಅದಕ್ಕೇ ಇದನ್ನು ಅಂಚೆಗೆ ಹಾಕದೆ ಟೀಚರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಇನ್ನು ನನಗೋಸ್ಕರ ಸುಮ್ಮನಿರಬೇಡ. ಶುಕ್ರವಾರದವರೆಗೂ ಕಾಯಬೇಡ, ಚಿಕ್ಕಮ್ಮ ಅವನ ಜೊತೆ ಒಬ್ಬಳೇ ಇದ್ದಾಳೆ. ಸಿಸ್ಟರ್ ಈ ಸಾಲು ಓದಿ ಮುಗಿಸುವಾಗ ಅವರ ಕೈ ಹಿಡಿದುಕೊಂಡು, ಆ ದಿನ ಬಾಗಿಲಲ್ಲಿ ಯಾರಿದ್ದರು ಅಂತ ಹೇಳು. ಈಗಲೇ ಹೇಳಮ್ಮಾ.